ಗೋಡೆ ಯಾವ್ದು ಸರ್?

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಯೊಂದರ ಕೌಂಟರಿನಲ್ಲಿ ನಿಂತು, “ಒಳ್ಳೆ ಕಂಪನೀದು ಒಂದು ಡ್ರಿಲ್ ಮಿಷಿನ್ ಕೊಡಿ” ಅಂದೆ. ಯಜಮಾನರು ಯಾವ ಕಂಪನಿ ಅಂತ ಕೇಳಲಿಲ್ಲ. ಎಷ್ಟರಲ್ಲಿ ಬೇಕು ಅಂತಲೂ ಕೇಳಲಿಲ್ಲ.

“ಗೋಡೆ ಯಾವ್ದು ಸರ್?” ಅಂದರು.

“ಮನೇದು” ಅಂದೆ.

“ಅದು ಗೊತ್ತಾಯ್ತು. ಇಟ್ಟಿಗೇನಾ, ಸಾಲಿಡ್ ಬ್ಲಾಕಾ, ಸೈಜುಗಲ್ಲಾ? ಬೀಮ್‌ಗೇನಾದ್ರೂ ಹೊಡೀತೀರಾ?”

ಈ ಪ್ರಶ್ನೆ ನನಗೆ ಒಂದು ವಾರ ಮೊದಲು ಯಾರಾದರೂ ಕೇಳಿದ್ದರೆ ಒಂದು ಮಿಷಿನ್ ಉಳಿಯುತ್ತಿತ್ತು. ಬಾಡಿಗೆ ಮನೆ, ಕಿಟಕಿ ಮೇಲೆ ಕರ್ಟನ್ ರಾಡ್ ಹಾಕಬೇಕಿತ್ತು. ಆನ್‌ಲೈನ್‌ನಲ್ಲಿ ಕಡಿಮೆ ರೇಟಿಗೆ ಸಿಕ್ಕ, ಯಾರೂ ಹೆಸರು ಕೇಳದ ಒಂದು ಡ್ರಿಲ್ ತರಿಸಿದ್ದೆ. ಮೊದಲ ಅರ್ಧ ಇಂಚು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಹೋಯಿತು. ಆಮೇಲೆ ಬಿಟ್, ಅಂದರೆ ಮುಂದಿನ ಕೊರೆಯುವ ಕಡ್ಡಿ, ನಿಂತಲ್ಲೇ ಸುತ್ತತೊಡಗಿತು. ಸ್ಟೂಲ್ ಮೇಲೆ ನಿಂತು, ಎದೆ ಕೊಟ್ಟು ಒತ್ತಿದೆ. ಐದು ನಿಮಿಷಕ್ಕೆ ವಾರ್ನಿಷ್ ಸುಟ್ಟ ವಾಸನೆ. ಗಾಳಿ ತೂತಿನಿಂದ ಸಣ್ಣಗೆ ಹೊಗೆ. ಅಲ್ಲಿಗೆ ಅದರ ಕಥೆ ಮುಗಿಯಿತು.

ಆಗಿದ್ದಿಷ್ಟೇ. ಕಿಟಕಿ ಮೇಲಿನ ಗೋಡೆಯ ಭಾರ ಹೊರೋದಕ್ಕೆ ಕಾಂಕ್ರೀಟಿನ ಲಿಂಟಲ್ ಹಾಕಿರುತ್ತಾರೆ. ಕರ್ಟನ್ ರಾಡ್ ಕೂರುವ ಜಾಗ ಸರಿಯಾಗಿ ಅದೇ. ಸಲೀಸಾಗಿ ಹೋದ ಅರ್ಧ ಇಂಚು ಬರೀ ಪ್ಲಾಸ್ಟರ್. ಹೊಸದಾಗಿ ಡ್ರಿಲ್ ಕೊಂಡವರು ಮೊದಲು ಕೈ ಹಾಕುವುದೇ ಕರ್ಟನ್ ರಾಡಿಗೆ. ಅಂದರೆ ಮನೆಯ ಅತಿ ಗಟ್ಟಿ ಜಾಗಕ್ಕೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಗೋಡೆಗೆ ಹೊಡೆಯುತ್ತಾ ಕೊರೆಯುವ ಮಿಷಿನ್ ಎರಡು ಥರ ಇವೆ. ಎರಡಕ್ಕೂ ಜನ “ಹ್ಯಾಮರ್” ಅಂತಲೇ ಅಂತಾರೆ. ಒಳಗಿನ ವ್ಯವಸ್ಥೆ ಮಾತ್ರ ಪೂರ್ತಿ ಬೇರೆ.

ಮೊದಲನೆಯದು ಮನೆಗಳಲ್ಲಿ ಜಾಸ್ತಿ ಕಾಣುವ ಇಂಪ್ಯಾಕ್ಟ್ ಡ್ರಿಲ್. ಮೇಲೊಂದು ಸಣ್ಣ ಗುಂಡಿ, ಅದರ ಪಕ್ಕ ಸುತ್ತಿಗೆಯ ಚಿತ್ರ ಇರುತ್ತದೆ. ಒಳಗೆ ಹಲ್ಲು ಹಲ್ಲಾಗಿರುವ ಎರಡು ಲೋಹದ ಬಿಲ್ಲೆಗಳಿವೆ. ಒಂದರ ಮೇಲೊಂದು ಉಜ್ಜುತ್ತಾ ತಿರುಗಿದಾಗ ಟರ್ ಟರ್ ಅಂತ ಹಾರಿ ಹಾರಿ ಬೀಳುತ್ತವೆ. ನಿಮಿಷಕ್ಕೆ 40,000 ಪೆಟ್ಟಿನ ಆಸುಪಾಸು. ಕೇಳೋಕೆ ಭಾರಿ ಅನಿಸುತ್ತದೆ, ಆದರೆ ಒಂದೊಂದು ಪೆಟ್ಟೂ ಚಿಟಿಕೆ ಹೊಡೆದಷ್ಟೇ. ನೀವು ಹಿಂದಿನಿಂದ ಒತ್ತಿದರೆ ಮಾತ್ರ ಅಷ್ಟಾದರೂ ಬರುತ್ತದೆ.

ಎರಡನೆಯದು ರೋಟರಿ ಹ್ಯಾಮರ್. ಇದರಲ್ಲಿ ಬೈಕ್ ಎಂಜಿನ್ನಿನ ಹಾಗೆ ಒಂದು ಪಿಸ್ಟನ್ ಇದೆ. ಪಿಸ್ಟನ್ ಗಾಳಿಯನ್ನು ಅದುಮುತ್ತದೆ, ಅದುಮಿದ ಗಾಳಿ ಒಂದು ಉಕ್ಕಿನ ತುಂಡನ್ನು ಎಸೆಯುತ್ತದೆ, ಅದು ಬಿಟ್‌ನ ಹಿಂಭಾಗಕ್ಕೆ ಬಡಿಯುತ್ತದೆ. ಬಾಷ್‌ನ ಜಿಬಿಎಚ್ 2-26 ಅನ್ನುವ ಮಿಷಿನ್ ನಿಮಿಷಕ್ಕೆ 4,000 ಪೆಟ್ಟು ಕೊಡುತ್ತದೆ. ಇಂಪ್ಯಾಕ್ಟ್ ಡ್ರಿಲ್‌ನ ಹತ್ತನೇ ಒಂದು ಭಾಗ. ಆದರೆ ಒಂದು ಪೆಟ್ಟಿನ ಶಕ್ತಿ 2.7 ಜೂಲ್. ಹಾಗಂದರೆ? ಒಂದು ಕಿಲೋ ತೂಕದ ಕಲ್ಲನ್ನು ಒಂದು ಗೇಣಿಗಿಂತ ತುಸು ಜಾಸ್ತಿ, 27 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಎಷ್ಟು ಏಟು ಬೀಳುತ್ತದೋ ಅಷ್ಟು. ಅದೂ ಸೆಕೆಂಡಿಗೆ 66 ಸಲ. ಒತ್ತಬೇಕಾಗಿಲ್ಲ, ಸುಮ್ನೆ ಹಿಡಿದುಕೊಂಡರೆ ಸಾಕು.

ಎರಡನ್ನೂ ಗುರುತಿಸೋದು ಸುಲಭ. ಬಿಟ್ ಕೂರುವ ಬಾಯಿ ನೋಡಿ. ಚಕ್ ಕೀ ಹಾಕಿ ಬಿಗಿ ಮಾಡುವ ಮೂರು ಹಲ್ಲಿನ ಚಕ್ ಇದ್ದರೆ ಇಂಪ್ಯಾಕ್ಟ್ ಡ್ರಿಲ್. ಬಿಟ್‌ನ ಬುಡದಲ್ಲಿ ಕಾಲುವೆ ಕೊರೆದಿದ್ದು, ತಳ್ಳಿದರೆ ಟಕ್ ಅಂತ ಕೂತರೆ ಅದು ಎಸ್‌ಡಿಎಸ್, ಅಂದರೆ ರೋಟರಿ ಹ್ಯಾಮರ್. ಈ ಎಸ್‌ಡಿಎಸ್ ಜೋಡಣೆ 1975ರಲ್ಲಿ ಬಾಷ್ ತಂದದ್ದು. ಈಗ ಎಲ್ಲ ಕಂಪನಿಯವರೂ ಅದನ್ನೇ ಬಳಸುತ್ತಾರೆ.

ಹಾಗಾಗಿ ಯಜಮಾನರ ಪ್ರಶ್ನೆ. ಇಟ್ಟಿಗೆ, ಸಾಲಿಡ್ ಬ್ಲಾಕ್ ಆದರೆ ಇಂಪ್ಯಾಕ್ಟ್ ಡ್ರಿಲ್ ಸಾಕು. ಹಳೇ ಬಡಾವಣೆಗಳಲ್ಲಿ ಅಲ್ಲಲ್ಲಿ ಸೈಜುಗಲ್ಲಿನ ಗೋಡೆ ಇರುತ್ತದೆ. ಅದು ಲಾಲ್‌ಬಾಗ್ ಬಂಡೆಯ ನೆಂಟ, ಇಂಪ್ಯಾಕ್ಟ್ ಡ್ರಿಲ್‌ಗೆ ಮರ್ಯಾದೆ ಕೊಡುವುದಿಲ್ಲ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಎರಡು ವಿಪರೀತ. ಹಗುರವಾದ ಎಎಸಿ ಬ್ಲಾಕ್ ಇದ್ದರೆ ಹ್ಯಾಮರ್ ಗುಂಡಿ ಒತ್ತಲೇಬಾರದು, ತೂತು ಅಗಲವಾಗಿ, ಸ್ಕ್ರೂ ಕೂರಿಸುವ ಪ್ಲಾಸ್ಟಿಕ್ ಪ್ಲಗ್ ಕಳಚಿಕೊಂಡು ಬರುತ್ತದೆ. ಅಲ್ಯೂಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟಿದ ಮೈವಾನ್ ಮನೆಯಾದರೆ ಎಲ್ಲ ಗೋಡೆಯೂ ಬೀಮ್ ಇದ್ದ ಹಾಗೆ. ಅಲ್ಲಿ ಗಣೇಶನ ಫೋಟೋ ತೂಗುಹಾಕಲೂ ರೋಟರಿ ಹ್ಯಾಮರ್ ಬೇಕು.

ಸುಟ್ಟ ಮಿಷಿನನ್ನು ನಾನು ಬ್ಯಾಗಿನಲ್ಲೇ ತಂದಿದ್ದೆ. ಯಜಮಾನರು ತಿರುಗಿಸಿ ನೋಡಿ, ಮೂಸಿ, “ಹಿಂದಿನ ಗಲ್ಲೀಲಿ ಭಾಯ್ ಇದಾರೆ, ತೋರಿಸಿ” ಅಂದರು. ಬ್ರಾಂಡ್ ಅಂದರೇನು ಅಂತ ನನಗೆ ಅರ್ಥವಾಗಿದ್ದು ಈ ಭಾಯ್ ಅವರ ಬೆಂಚಿನ ಮೇಲೆ.

ಆರಡಿ ಅಗಲದ ಮಳಿಗೆ. ಒಂದು ಟ್ಯೂಬ್‌ಲೈಟು, ಗ್ರೀಸಿನ ಡಬ್ಬ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹತ್ತಾರು ಆರ್ಮೇಚರ್. ಭಾಯ್ ನಾಲ್ಕು ಸ್ಕ್ರೂ ಬಿಚ್ಚಿ ಮಿಷಿನನ್ನು ಬಟಾಣಿ ಸಿಪ್ಪೆ ಬಿಡಿಸಿದ ಹಾಗೆ ಎರಡು ಹೋಳು ಮಾಡಿದರು. ಒಳಗಿರೋದು ಇಷ್ಟೇ: ಸುತ್ತಲೂ ಅಲುಗಾಡದೆ ಕೂತ ತಾಮ್ರದ ಸುರುಳಿ, ಅದು ಫೀಲ್ಡ್. ನಡುವೆ ತಿರುಗುವುದು ಆರ್ಮೇಚರ್. ಆರ್ಮೇಚರಿನ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳ ಉಂಗುರ. ಆ ಉಂಗುರಕ್ಕೆ ಎರಡು ಕಡೆಯಿಂದ ಸ್ಪ್ರಿಂಗಿನಲ್ಲಿ ಒತ್ತಿಕೊಂಡಿರುವ ಎರಡು ಕಪ್ಪು ತುಂಡು, ಕಾರ್ಬನ್. ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವುದು ಈ ಕಾರ್ಬನ್ನೇ. ಉಜ್ಜಿ ಉಜ್ಜಿ ಸವೆಯುವುದೇ ಅದರ ಕೆಲಸ. ಮಿಕ್ಸಿಯಲ್ಲೂ ಇದೇ ಮೋಟಾರ್ ಇರೋದು.

“ಒತ್ತಿದ್ರಾ?” ಅಂತ ಕೇಳಿದರು. ತಲೆಯಾಡಿಸಿದೆ.

ಒತ್ತಿದರೆ ಏನಾಗುತ್ತದೆ ಅಂದರೆ, ಮೋಟಾರಿನ ವೇಗ ಇಳಿಯುತ್ತದೆ. ಈ ಥರದ ಮೋಟಾರ್ ವೇಗ ಇಳಿದಷ್ಟೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಜಾಸ್ತಿ ಕಾಯುತ್ತದೆ. ಅದನ್ನು ತಣ್ಣಗಿಡುವ ಫ್ಯಾನ್ ಅದೇ ಆರ್ಮೇಚರಿನ ಮೇಲೆ ಕೂತಿದೆ. ಆರ್ಮೇಚರ್ ನಿಧಾನವಾದರೆ ಫ್ಯಾನೂ ನಿಧಾನ. ಅಂದರೆ ಗಾಳಿ ಜಾಸ್ತಿ ಬೇಕಾದ ಹೊತ್ತಿಗೇ ಗಾಳಿ ಕಡಿಮೆ. ಕೊನೆಗೆ ವೈರಿನ ಮೇಲಿನ ವಾರ್ನಿಷ್ ಸುಟ್ಟು ಒಳಗೊಳಗೇ ಶಾರ್ಟ್ ಆಗುತ್ತದೆ. ಕೆಲಸ ಮಾಡುವಾಗ ಕಾರ್ಬನ್ ಹತ್ತಿರ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಕಿಲ್ಲ. ಕಿಡಿ ಉಂಗುರದ ಸುತ್ತಲೂ ಬೆಂಕಿಯ ಬಳೆಯ ಹಾಗೆ ಕಂಡರೆ ಆರ್ಮೇಚರ್ ಹೋಯಿತು ಅಂತ ಅರ್ಥ. ಗಾಳಿ ತೂತು ಮುಚ್ಚಿ ಹಿಡಿಯುವುದೂ ಅಷ್ಟೇ ಕೆಟ್ಟದ್ದು. ಆಯುಧ ಪೂಜೆ ದಿನ ಕುಂಕುಮ ಇಡಿ, ಬೇಡ ಅನ್ನುವುದಿಲ್ಲ, ಆದರೆ ತೂತಿನೊಳಗೆ ಬೀಳದ ಹಾಗೆ ಇಡಿ.

“ಇದಕ್ಕೆ ಆರ್ಮೇಚರ್ ಸಿಗಲ್ಲ” ಅಂದರು ಭಾಯ್. “ಕಾರ್ಬನ್ ಆದ್ರೆ ಬೇರೇದು ಉಜ್ಜಿ ಹಾಕ್ಕೊಡ್ತಿದ್ದೆ.” ಪಕ್ಕದಲ್ಲೇ ಬಣ್ಣ ಮಾಸಿ, ಯಾವ ಕಂಪನಿ ಅಂತಲೂ ಕಾಣದ ಒಂದು ಮಾರ್ಬಲ್ ಕಟರ್ ಬಿದ್ದಿತ್ತು. ಅದು? “ಅದಕ್ಕೇನು, ಸಿಎಂ-4. ಎಲ್ಲ ಸಿಗತ್ತೆ.”

ಸಿಎಂ-4 ಅನ್ನೋದು ಹಿಟಾಚಿಯ ಒಂದು ಮಾರ್ಬಲ್ ಕಟರಿನ ಮಾಡೆಲ್ ಹೆಸರು. ಅದು ಎಷ್ಟು ಓಡಿತು ಅಂದರೆ, ಹತ್ತಾರು ಬೇರೆ ಕಂಪನಿಗಳು ಅದರ ಅಚ್ಚಿನಲ್ಲೇ ಮಿಷಿನ್ ಮಾಡಿ ಅದೇ ಹೆಸರಿಟ್ಟು ಮಾರುತ್ತಿವೆ. ಟೈಲ್ಸ್ ಕೆಲಸದವರಿಗೆ ಅದೊಂದು ಕಂಪನಿಯ ಮಾಡೆಲ್ ಅನ್ನುವುದೇ ಮರೆತುಹೋಗಿದೆ. ಆರ್ಮೇಚರ್, ಗೇರ್, ಫೀಲ್ಡ್ ಎಲ್ಲಾ ಆ ಹೆಸರಲ್ಲೇ ಸಿಗುತ್ತವೆ. ಪೇಟೆಯ ಲೆಕ್ಕದಲ್ಲಿ ಬ್ರಾಂಡ್ ಅಂದರೆ ಇದು. ಮಿಷಿನ್ ಕೆಟ್ಟ ದಿನ ಅದರ ಸ್ಪೇರ್ ಎಷ್ಟು ಗಲ್ಲಿ ಆಚೆ ಸಿಗುತ್ತದೆ? ಡಬ್ಬದ ಮೇಲಿನ ಬಣ್ಣ, ಜಾಹೀರಾತು ಎಲ್ಲಾ ಆಮೇಲಿನ ಮಾತು.

ಬಣ್ಣಗಳ ವಿಷಯಕ್ಕೆ ಬಂದರೆ, ನಮ್ಮೂರಿನವರಿಗೆ ಹತ್ತಿರದ್ದು ಬಾಷ್. 1886ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಕಂಪನಿ. ಇಲ್ಲಿ ಅದು ಬಹಳ ವರ್ಷ ಬೇರೆ ಹೆಸರಲ್ಲಿ ಬಾಳಿತು. ಆಡುಗೋಡಿಯ ಮೈಕೋ ಫ್ಯಾಕ್ಟರಿ ಅಂದರೆ ಹಿರಿಯರಿಗೆ ತಟ್ಟನೆ ಗೊತ್ತಾಗುತ್ತದೆ. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ, ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪಿಗೆ ಹೆಸರಾದದ್ದು. 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ಮೈಕೋ ಲೇಔಟ್ ಮಾತ್ರ ಹೆಸರು ಬದಲಾಯಿಸಿಕೊಳ್ಳಲಿಲ್ಲ. ಬಾಷ್‌ನಲ್ಲಿ ನೀಲಿ ಮಿಷಿನ್ ಕೆಲಸಗಾರರಿಗೆ, ಹಸಿರು ಮನೆಯವರಿಗೆ. ನಮ್ಮ ಅಂಗಡಿಗಳಲ್ಲಿ ಕಾಣುವುದು ಬಹುತೇಕ ನೀಲಿಯೇ.

ಮಕಿತಾ ಜಪಾನಿನದು, 1915ರಲ್ಲಿ ನಗೋಯಾದಲ್ಲಿ ಮೋಟಾರ್ ರಿಪೇರಿ ಅಂಗಡಿಯಾಗಿ ಶುರುವಾಯಿತು. ಅಂದರೆ ಭಾಯ್ ಅವರ ಕಸುಬೇ. ಹಿಟಾಚಿ ಅಂತ ನಾವು ಈಗಲೂ ಕರೆಯುವ ಮಿಷಿನಿನ ಹೆಸರು 2018ರಿಂದ ಹೈಕೋಕಿ. ಹೊಸ ಡಬ್ಬದ ಮೇಲೆ ಹಿಟಾಚಿ ಅಂತ ಇಲ್ಲ ಅಂದರೆ ಡೂಪ್ಲಿಕೇಟ್ ಅಂದುಕೊಳ್ಳಬೇಡಿ. ಜರ್ಮನಿಯ ಮೆಟಾಬೊ ಕೂಡ ಈಗ ಅದೇ ಮನೆಯದು.

ಹಳದಿ ಡಿವಾಲ್ಟ್‌ನದು ಸ್ವಲ್ಪ ತಮಾಷೆ. ಪಿಸ್ತೂಲಿನ ಹಾಗೆ ಹಿಡಿದು ಟ್ರಿಗರ್ ಒತ್ತುವ ಡ್ರಿಲ್‌ಗೆ 1917ರಲ್ಲಿ ಪೇಟೆಂಟ್ ಪಡೆದದ್ದು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್. ಇವತ್ತು ಎಲ್ಲ ಡ್ರಿಲ್‌ಗಳ ಆಕಾರವೂ ಅದೇ. ಆದರೆ ಕಾಲಕ್ರಮದಲ್ಲಿ ಆ ಹೆಸರು ಮನೆಬಳಕೆಯ ಸಾಮಾನಿಗೆ ಅಂಟಿಕೊಂಡಿತು, ಕೆಲಸಗಾರರು ಮುಟ್ಟದಾದರು. 1960ರಲ್ಲೇ ಕೊಂಡು ಇಟ್ಟುಕೊಂಡಿದ್ದ ಡಿವಾಲ್ಟ್ ಹೆಸರಿಗೆ 1992ರಲ್ಲಿ ಹಳದಿ ಬಳಿದು ಅವರ ಮುಂದಿಟ್ಟರು, ಓಡಿತು. 2010ರಲ್ಲಿ ಸ್ಟ್ಯಾನ್ಲಿ ಈ ಮನೆಯನ್ನೇ ತನ್ನೊಳಗೆ ಸೇರಿಸಿಕೊಂಡಿತು. ಒಂದೇ ಅಂಗಡಿಯ ಗೋಡೆ ಮೇಲೆ ಪಕ್ಕ ಪಕ್ಕ ನೇತಾಡುವ ಈ ಮೂರೂ ಒಬ್ಬರದೇ.

ಕೆಂಪು ಹಿಲ್ಟಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದಿಲ್ಲ. ಅವರು ನೇರವಾಗಿ ಕಟ್ಟಡದ ಕಂಪನಿಗಳಿಗೇ ಮಾರುತ್ತಾರೆ. ನಮ್ಮ ಗಡಿಯಾಚೆಯೇ, ಕೊಲ್ಲಾಪುರ ಜಿಲ್ಲೆಯ ಶಿರೋಳದಲ್ಲಿ ಇಂಥ ಮಿಷಿನ್ ಮಾಡುವ ಕೆಪಿಟಿ ಕಂಪನಿ ಇದೆ. ಚೀನಾದ ಡಾಂಗ್‌ಚೆಂಗ್, ಇಂಗ್ಕೊ ಕೂಡ ಅಂಗಡಿಗಳಲ್ಲಿ ಸಾಕಷ್ಟು ಕಾಣುತ್ತವೆ. ಚೀನಾ ಅಂದಾಕ್ಷಣ ಮೂಗು ಮುರಿಯುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡ ಹೆಸರಿನವರ ಎಷ್ಟೋ ಮಿಷಿನ್‌ಗಳೂ ಅಲ್ಲೇ ತಯಾರಾಗುತ್ತವೆ. ಭಾಯ್ ಕೇಳುವ ಪ್ರಶ್ನೆ ಬೇರೆ. ಒಳಗೆ ತಾಮ್ರದ ವೈರಾ, ಅಲ್ಯೂಮಿನಿಯಮ್ಮಾ? ಬಾಲ್ ಬೇರಿಂಗಾ, ಬರೀ ಬುಷ್ಷಾ?

ಅದು ಹೊರಗಿನಿಂದ ಕಾಣುವುದಿಲ್ಲ, ಅಲ್ವಾ? ಡಬ್ಬದ ಮೇಲಿನ ವ್ಯಾಟ್ ನಂಬಿಕೊಂಡರೆ ಅದೂ ದಾರಿ ತಪ್ಪಿಸುತ್ತದೆ. ವ್ಯಾಟ್ ಅಂದರೆ ಮಿಷಿನ್ ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವ ಲೆಕ್ಕ, ಎಷ್ಟು ದುಡಿಯುತ್ತದೆ ಅಂತ ಅಲ್ಲ. ಅಂಗೈಯಗಲದ ಮಿಷಿನ್ ಮೇಲೆ 900 ವ್ಯಾಟ್ ಅಂತ ಬರೆದಿದ್ದರೆ ನಾನಂತೂ ಮೊದಲು ತೂಗಿ ನೋಡುತ್ತೇನೆ. ತಾಮ್ರಕ್ಕೂ ಕಬ್ಬಿಣಕ್ಕೂ ತೂಕವಿದೆ.

ಮಾಡೆಲ್ ನಂಬರ್ ಓದೋದು ಕಲಿತರೆ ಇನ್ನೂ ಒಳ್ಳೆಯದು. ಬಾಷ್‌ನವರ ಅಕ್ಷರಗಳು ಜರ್ಮನ್ ಪದಗಳವು. ಮೊದಲ ಜಿ ಅಂದರೆ ಕಸುಬಿನವರಿಗೆ ಮಾಡಿದ್ದು. ಎಸ್ ಪೆಟ್ಟು, ಬಿ ಕೊರೆಯುವುದು. ಜಿಎಸ್‌ಬಿ 500 ಆರ್‌ಇ ಅಂದರೆ 500 ವ್ಯಾಟಿನ ಇಂಪ್ಯಾಕ್ಟ್ ಡ್ರಿಲ್, ಹಿಂದೆ ಮುಂದೆ ತಿರುಗುತ್ತದೆ, ವೇಗ ಏರಿಸಿ ಇಳಿಸಬಹುದು. ಜಿಬಿಎಚ್ 2-26ರಲ್ಲಿ 2 ಅಂದರೆ ಎರಡು ಕಿಲೋ ವರ್ಗ, 26 ಅಂದರೆ ಕಾಂಕ್ರೀಟಿನಲ್ಲಿ 26 ಮಿಲಿಮೀಟರ್ ತೂತು ಹೊಡೆಯುತ್ತದೆ. ಜಿಡಬ್ಲ್ಯೂಎಸ್ ಬಂದರೆ ಗ್ರೈಂಡರ್, ಅಡುಗೆಮನೆಯದಲ್ಲ, ಕಬ್ಬಿಣ ಕೊಯ್ಯುವ, ಉಜ್ಜುವ ಮಿಷಿನ್.

ಬ್ಯಾಟರಿ ಮಿಷಿನ್‌ಗಳಲ್ಲಿ ನಂಬರಿನ ಆಟ ಇನ್ನೂ ಜೋರು. ಒಂದು ಲಿಥಿಯಂ ಸೆಲ್ಲು 3.6 ವೋಲ್ಟ್. ಪೂರ್ತಿ ಚಾರ್ಜ್ ಆದ ಹೊಸತರಲ್ಲಿ 4 ವೋಲ್ಟಿನ ಹತ್ತಿರ. ಐದು ಸೆಲ್ ಸೇರಿಸಿದರೆ 18. ಅದೇ ಐದನ್ನು ನಾಲ್ಕರ ಲೆಕ್ಕದಲ್ಲಿ ಹೇಳಿದರೆ 20. ಹಾಗಾಗಿ ಮಕಿತಾದ 18 ವೋಲ್ಟ್, ಡಿವಾಲ್ಟ್‌ನ 20 ವೋಲ್ಟ್ ಮ್ಯಾಕ್ಸ್ ಎರಡೂ ಒಂದೇ ವೋಲ್ಟಿನವು. ಮೂರು ಸೆಲ್ಲಿನದ್ದು 10.8. ಅದನ್ನೇ ಈಗ 12 ಅನ್ನುತ್ತಾರೆ. ಇನ್ನು ಕೆಲವು ಅಗ್ಗದ ಬ್ಯಾಟರಿಗಳ ಮೇಲೆ 48ವಿಎಫ್, 88ವಿಎಫ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದು ವೋಲ್ಟೇ ಅಲ್ಲ. ಬಿಚ್ಚಿದರೆ ಒಳಗೆ ಅದೇ ಐದು ಸೆಲ್ಲಿನ ಸಾಲು.

ಬ್ಯಾಟರಿ ಕೊಂಡರೆ ಆ ಮನೆಗೆ ಮದುವೆಯಾದ ಹಾಗೆ. ಒಂದು ಕಂಪನಿಯದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಬಾಷ್‌ನ ಹಸಿರಿನ 18 ವೋಲ್ಟ್ ಬ್ಯಾಟರಿ ಅದೇ ಬಾಷ್‌ನ ನೀಲಿಗೂ ಆಗುವುದಿಲ್ಲ. ವರ್ಷಕ್ಕೆ ನಾಲ್ಕು ತೂತು ಹೊಡೆಯುವ ಮನೆಗೆ ವೈರ್ ಇರುವ ಡ್ರಿಲ್ಲೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಬ್ಯಾಟರಿ ಸುಮ್ನೆ ಕೂತರೂ ಮುದಿಯಾಗುತ್ತದೆ. ತಾಮ್ರ ಆಗುವುದಿಲ್ಲ. ಅಂದ ಹಾಗೆ ವೈರ್ ಡ್ರಿಲ್‌ಗೆ ಅರ್ತಿಂಗ್ ಪಿನ್ ಇಲ್ಲ, ಎರಡೇ ಪಿನ್ ಅಂತ ಗಾಬರಿಯಾಗಬೇಡಿ. ಮಿಷಿನ್ ಮೇಲೆ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದರಲ್ಲಿ ಎರಡು ಪದರದ ಇನ್ಸುಲೇಶನ್ ಇದೆ.

ಎಲ್ಲಿ ಕೊಳ್ಳಬೇಕು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಏರಿಯಾದ ಹಾರ್ಡ್‌ವೇರ್ ಅಂಗಡಿ ನಡೆಯುವುದು ಪೈಪು, ಮೊಳೆ, ಪೇಂಟು, ಕಟಿಂಗ್ ವೀಲ್‌ಗಳ ಮೇಲೆ. ಡ್ರಿಲ್ ಒಮ್ಮೆ ಕೊಂಡವರು ವರ್ಷಗಟ್ಟಲೆ ಮತ್ತೆ ಕೊಳ್ಳುವುದಿಲ್ಲ, ಬಿಟ್‌ಗೆ ತಿಂಗಳಿಗೊಮ್ಮೆ ಬರುತ್ತಾರೆ. ಹಾಗಾಗಿ ಅಲ್ಲಿ ಎರಡೋ ಮೂರೋ ಮಿಷಿನ್ ನೇತಾಡುತ್ತಿರುತ್ತವೆ, ಅಷ್ಟೇ. ಎಸ್‌ಜೆಪಿ ರಸ್ತೆ, ಎಸ್‌ಪಿ ರಸ್ತೆ, ಕಲಾಸಿಪಾಳ್ಯದ ಕಡೆ ಹೋದರೆ ಆಯ್ಕೆ ಜಾಸ್ತಿ, ರೇಟಲ್ಲಿ ಮಾತಾಡುವ ಜಾಗವೂ ಜಾಸ್ತಿ. ಡಬ್ಬದ ಮೇಲಿನ ಎಂಆರ್‌ಪಿ ಕೊಟ್ಟು ಯಾರೂ ಮಿಷಿನ್ ಕೊಳ್ಳುವುದಿಲ್ಲ. “ಬಿಲ್ ಬೇಕಾ?” ಅಂತ ಕೇಳಿದರೆ ಬೇಕು ಅನ್ನಿ. ಶೇ 18 ಜಿಎಸ್‌ಟಿ ಉಳಿಯುತ್ತದೆ ಅಂತ ಬಿಲ್ ಬಿಟ್ಟರೆ ವಾರಂಟಿಯೂ ಬಿಟ್ಟ ಹಾಗೆ. ಹೆಸರಲ್ಲಿ ಒಂದಕ್ಷರ ಆಚೀಚೆ ಇರುವ ಡಬ್ಬಗಳೂ ಬಿಲ್ ಇಲ್ಲದ ಕಡೆಯೇ ಹುಟ್ಟುವುದು. ಲಿಂಟಲ್‌ಗೆ ಎರಡೇ ತೂತು ಬೇಕಾದರೆ ಕೊಳ್ಳಲೇಬೇಡಿ. ದಿನದ ಬಾಡಿಗೆಗೆ ಹ್ಯಾಮರ್ ಕೊಡುವ ಅಂಗಡಿಗಳಿವೆ.

ಗ್ರೈಂಡರ್ ಬಗ್ಗೆ ಮಾತ್ರ ನಾನು ಸ್ವಲ್ಪ ಕಠಿಣ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಲೆಕ್ಕ ಹಾಕಿದರೆ ವೀಲ್‌ನ ಅಂಚು ಗಂಟೆಗೆ 200 ಕಿಲೋಮೀಟರ್ ಮೇಲೆ ಓಡುತ್ತಿರುತ್ತದೆ. ಗಾರ್ಡ್ ಕಿತ್ತು ಐದಿಂಚಿನ ವೀಲ್ ಹಾಕುವುದು, ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವುದು ಸೈಟುಗಳಲ್ಲಿ ದಿನಾ ಕಾಣುತ್ತದೆ. ಆ ಬ್ಲೇಡ್ ಮರದಲ್ಲಿ ಸಿಕ್ಕಿಕೊಂಡರೆ ಮಿಷಿನ್ ಹಿಂದಕ್ಕೆ, ಹಿಡಿದವನ ಕಡೆಗೇ ಹಾರುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಕಟಿಂಗ್ ವೀಲ್‌ಗೆ ಮಾತ್ರೆಯ ಹಾಗೆ ಎಕ್ಸ್‌ಪೈರಿ ಡೇಟ್ ಇದೆ. ಒಳ್ಳೆ ವೀಲ್‌ನ ನಡುವಿನ ಲೋಹದ ಉಂಗುರದ ಮೇಲೆ ಒತ್ತಿರುತ್ತಾರೆ. ವೀಲ್‌ನ ಕೊಯ್ಯುವ ಪುಡಿಯನ್ನು ಹಿಡಿದಿಟ್ಟಿರುವುದು ರಾಳದ ಅಂಟು. ತೇವ ಕುಡಿದು, ವರ್ಷ ಕಳೆದು ಅದು ಸಡಿಲವಾಗುತ್ತದೆ. ಮಾಮೂಲಿ ಮೂರು ವರ್ಷದ ಲೆಕ್ಕ.

ಕೊನೆಗೆ ಅವತ್ತು ಜಿಎಸ್‌ಬಿ 500 ಕೊಂಡೆ, ನಮ್ಮ ಮನೆ ಗೋಡೆ ಸಾಲಿಡ್ ಬ್ಲಾಕಿನದ್ದು. ಲಿಂಟಲ್‌ಗೆ ಬಾಡಿಗೆ ಹ್ಯಾಮರ್ ತಂದು ನಾಲ್ಕು ತೂತು ಹೊಡೆದು ಅದೇ ಸಂಜೆ ವಾಪಸ್ ಕೊಟ್ಟೆ. ಆ ಡ್ರಿಲ್‌ಗೆ ಹೋದ ತಿಂಗಳು ಕಾರ್ಬನ್ ಸವೆಯಿತು. ಮಿಷಿನ್ ಒಮ್ಮೆ ಓಡುವುದು, ಒಮ್ಮೆ ನಿಲ್ಲುವುದು, ತಟ್ಟಿದರೆ ಮತ್ತೆ ಓಡುವುದು ಮಾಡುತ್ತಿತ್ತು. ಒಂದು ಮಸಾಲೆ ದೋಸೆಯ ದುಡ್ಡಿನಲ್ಲಿ ಹೊಸ ಜೋಡಿ ಬಂತು. ಹಳೇ ತುಂಡುಗಳನ್ನು ಎಸೆಯಲು ಹೋದೆ.

“ಇಟ್ಕೊಳ್ಳಿ” ಅಂದರು ಭಾಯ್. “ಮುಂದಿನ ಸಲ ನಾನು ಇಲ್ದಿದ್ರೆ ಯಾವ ಅಂಗಡೀಲಾದ್ರೂ ಇದನ್ನ ಕೌಂಟರ್ ಮೇಲಿಡಿ. ಹೆಸರು ಹೇಳೋದೇ ಬೇಡ.”

ಈಗ ಅವು ಬಿಟ್ ಡಬ್ಬದ ಮೂಲೆಯಲ್ಲಿವೆ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡವು.